ದೋಣಿಯ ಒಳಗೆ ನಾನು ಬಳಿದ ಬಣ್ಣ

ನನ್ನ ಅಣ್ಣನ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಮಲ್ಲಿಗೆ ಹಿಡಿದರೂ ಅಷ್ಟೇ, ಒಣಮೀನು ಹಿಡಿದರೂ ಅಷ್ಟೇ. ಸಾರು ಸೀದುಹೋದ ದಿನ ಅತ್ತಿಗೆ ಅದನ್ನೇ ಅವನ ತಟ್ಟೆಗೆ ಬಡಿಸಿ, "ನಿಮ್ಮಣ್ಣಂಗೆ ಅಡುಗೆ ಮಾಡೋದು ಸುಲಭ ಅಮ್ಮಿಣಿ, ಸೀದ್ರೂ ಚೆಂದ, ಬೆಂದ್ರೂ ಚೆಂದ" ಎಂದು ನಗುತ್ತಿದ್ದಳು. ಅಣ್ಣನೂ ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. "ನಗಿಸ್ಬೇಡ ಕಣೇ, ನಗೋದಕ್ಕೂ ಮೂಚ್ಚು ಬೇಕು" ಎನ್ನುತ್ತಿದ್ದ. ಮೂಚ್ಚು ಎಂದರೆ ಉಸಿರು. ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳೇ. ಅಮ್ಮಿಣಿ ಅನ್ನುವುದೂ ಹಾಗೆಯೇ, ಕೋಯಮುತ್ತೂರಿನ ಕಡೆ ತಂಗಿಯರನ್ನು ಮುದ್ದಿನಿಂದ ಕರೆಯುವುದು.

ಅಲ್ಲಿನ ಸಿಂಗಾನಲ್ಲೂರಿನ ಒಂದು ನೂಲಿನ ಮಿಲ್ಲಿನಲ್ಲಿ ಅವನು ಮೀಸೆ ಮೂಡುವ ಮೊದಲೇ ಕೆಲಸಕ್ಕೆ ಸೇರಿದ್ದ. ಹತ್ತಿಯ ಬೇಲು ಬಿಚ್ಚಿ, ಬಡಿದು, ಕಸ ತೆಗೆಯುವ ಜಾಗ ಅವನದು. ಬ್ಲೋ ರೂಮು ಎನ್ನುತ್ತಿದ್ದರು. ಪಾಳಿ ಮುಗಿಸಿ ಬರುವಾಗ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಿರುತ್ತಿತ್ತು. ಅಪ್ಪ ಅಮ್ಮ ಬೇಗ ಹೋದರು. ನನ್ನನ್ನು ಸಾಕಿದ್ದು ಅವನು. ಜಡೆ ಹಾಕುವುದನ್ನು ಮಿಲ್ಲಿನಲ್ಲಿ ನೂಲಿನ ಕಟ್ಟು ಕಟ್ಟುವ ಹೆಂಗಸರಿಂದ ಕಲಿತು ಬಂದು ನನಗೆ ಹಾಕುತ್ತಿದ್ದ. ಅದು ಎಷ್ಟು ಬಿಗಿಯೆಂದರೆ ಹಣೆಯ ಚರ್ಮವೇ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಐದನೇ ಕ್ಲಾಸಿನವರೆಗೆ ತಮಿಳಿನಲ್ಲಿ ಓದಿ ಬಿಟ್ಟೆ. ಬಿಡಿಸಿದ್ದು ಅವನಲ್ಲ, ನಾನೇ ಬಿಟ್ಟದ್ದು. ಕನ್ನಡದ ಅಕ್ಷರ ಕಲಿತದ್ದು ಬಹಳ ಕಾಲದ ಮೇಲೆ, ಮದುವೆಯಾಗಿ ಕೊಳ್ಳೇಗಾಲದ ಕಡೆಗೆ ಬಂದು, ಮಗಳು ತಿದ್ದುವಾಗ ಅವಳ ಪಕ್ಕದಲ್ಲಿ ಕೂತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಿಲ್ಲಿನವರು ಅಣ್ಣನನ್ನು ಮನೆಗೆ ಕಳಿಸಿದರು. ಎರಡು ಮೆಟ್ಟಿಲು ಹತ್ತಿದರೆ ನಿಂತು ಗೋಡೆ ಹಿಡಿದುಕೊಳ್ಳುವ ಸ್ಥಿತಿಯಾಗಿತ್ತು. ಡಾಕ್ಟರು ಎದೆಗೆ ಯಂತ್ರವಿಟ್ಟು ಕೇಳಿ, "ಹತ್ತಿ ಒಳಗೆ ಕೂತುಬಿಟ್ಟಿದೆ. ಅದನ್ನು ತೆಗೆಯಲು ನನ್ನಿಂದ ಆಗುವುದಿಲ್ಲ. ಇನ್ನು ಮೇಲೆ ಧೂಳು, ಹೊಗೆ, ಪೇಂಟು, ಸೀಮೆಎಣ್ಣೆ ಯಾವುದರ ಹತ್ತಿರವೂ ಸುಳಿಯಬೇಡ. ಉಳಿದಿರುವ ಎದೆಯನ್ನು ಕಾಪಾಡಿಕೋ" ಎಂದರು. ಪೇಂಟು ಎಂಬ ಮಾತನ್ನು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವಳು ನಾನೇ.

ಕೆಲಸವಿಲ್ಲದ ದಿನಗಳಲ್ಲಿ ಅಣ್ಣ ಸಿಂಗಾನಲ್ಲೂರು ಕೆರೆಯ ಏರಿಯ ಮೇಲೆ ಹೋಗಿ ಕೂರುತ್ತಿದ್ದ. ಮೀನು ಹಿಡಿಯುವವರ ಪರಿಚಯವಾಯಿತು. ಒಂದು ದಿನ ಅವರು ಇವನನ್ನು ತಮ್ಮ ಹರಿಗೋಲಿನಲ್ಲಿ ಕೂರಿಸಿಕೊಂಡು ಕೆರೆಯ ನಡುವಿಗೆ ಹೋದರು. ಅಂದು ಮನೆಗೆ ಬಂದವನ ಮುಖವೇ ಬೇರೆಯಾಗಿತ್ತು. ಅತ್ತಿಗೆಯನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು, "ನೋಡ್ರೀ ಇಲ್ಲಿ" ಎಂದು ಮೂಗಿನಿಂದ ಉಸಿರೆಳೆದು ತೋರಿಸಿದ. ಕೆಮ್ಮದೆ ಎಳೆದ. "ನಡುನೀರಲ್ಲಿ ಧೂಳೇ ಇಲ್ಲ. ಗಾಳಿ ತೊಳೆದಂಗೆ ಬರ್ತದೆ. ನಾನು ಅಲ್ಲೇ ಇದ್ಬಿಡ್ತೀನಿ" ಎಂದ.

"ಅಲ್ಲೇ ಇರು. ಊಟಕ್ಕೆ ಮೀನಿದೆ, ಹಾಸೋದಕ್ಕೆ ತಾವರೆ ಎಲೆ ಇದೆ" ಎಂದಳು ಅತ್ತಿಗೆ.

ಅವನದು ತಮಾಷೆಯ ಮಾತಾಗಿರಲಿಲ್ಲ. ಕೆರೆಯ ಮೀನಿನ ಗುತ್ತಿಗೆ ಹಿಡಿದವರ ಹತ್ತಿರ ಹೋಗಿ, ಒಂದು ದೋಣಿ ಇಟ್ಟುಕೊಂಡು ಊರಿನ ಜನರನ್ನು ಕೆರೆಯಲ್ಲಿ ಸುತ್ತಾಡಿಸಲು ಒಪ್ಪಿಗೆ ಕೇಳಿ ಬಂದ. ಅವರೂ ಆಗಲಿ ಎಂದರು. ಹೊಟ್ಟೆಪಾಡೂ ನಡೆಯುತ್ತದೆ, ಉಸಿರೂ ನಡೆಯುತ್ತದೆ. ಅವನಿಗೆ ಆಗ ಬೇಕಾಗಿದ್ದದ್ದು ಇವೆರಡೇ.

ಆದರೆ ನಮ್ಮ ಕಡೆ ದೋಣಿ ಕಟ್ಟುವವರು ಯಾರಿದ್ದಾರೆ? ನಮ್ಮದು ಎತ್ತು, ಗಾಡಿ, ಕಪಿಲೆಬಾವಿಯ ಜನ. ನಮಗೆ ಸಿಕ್ಕ ಮರಗೆಲಸದ ಆಚಾರಿಯೂ ಗಾಡಿ ಮಾಡುವವನೇ. ಅವನು ಜೀವನದಲ್ಲಿ ಕಟ್ಟಿದ ಮೊದಲ ದೋಣಿ ಅದು, ಕೊನೆಯದೂ ಅದೇ. ತಳವನ್ನು ಹೊನ್ನೆ ಹಲಗೆಯಿಂದ ಚಪ್ಪಟೆಯಾಗಿ ಕಟ್ಟಿದ. ಅರ್ಧ ದೋಣಿಯ ಮೇಲೆ, ಮದುವೆಗೆ ಹೋಗುವ ಕಮಾನುಗಾಡಿಗೆ ಇರುತ್ತದಲ್ಲ, ಅಂಥದೇ ಒಂದು ಗೂಡು ಕೂರಿಸಿದ. ಆ ಗೂಡನ್ನು ಕೇಳಿದ್ದು ಅಣ್ಣನೇ. ಮಾರ್ಗಳಿಯ, ಅಂದರೆ ಧನುರ್ಮಾಸದ, ಇಬ್ಬನಿ ಅವನ ಎದೆಗೆ ಆಗುತ್ತಿರಲಿಲ್ಲ. ಗೂಡಿನ ಕೆಳಗೆ ಕೂತು ಹುಟ್ಟು ಹಾಕಿದರೆ ತಲೆಯ ಮೇಲೆ ಮಂಜು ಬೀಳುವುದಿಲ್ಲ ಎಂದು. ಮಿಲ್ಲಿಗೆ ಯಂತ್ರ ತುಂಬಿ ಬಂದಿದ್ದ ಪೆಟ್ಟಿಗೆಗಳ ಹಲಗೆಯಿಂದ ಗೂಡಿನ ಒಳಮೈ ಮುಚ್ಚಿದರು. ನೋಡಿದವರೆಲ್ಲ ನಕ್ಕರು. "ಆಚಾರಿ, ಎತ್ತು ಎಲ್ಲಿ ಕಟ್ತೀಯ? ಈಜೋ ಎತ್ತು ಸಂತೆಯಲ್ಲಿ ಸಿಗುತ್ತಾ?" ಎಂದು ಕೇಳುವವರು. ಆಚಾರಿ ಮುಖ ಕೆಳಗೆ ಹಾಕಿಕೊಂಡು ಉಳಿ ತಟ್ಟುತ್ತಿದ್ದ. ಬಹಳ ಸಂಕೋಚದ ಮನುಷ್ಯ.

ಹೊರಮೈಗೆ ಬೇಸಗೆಯಲ್ಲೇ ಟಾರು ಬಳಿದು ಬಿಸಿಲಿಗೆ ಬಿಟ್ಟಿದ್ದರು. ಅಣ್ಣ ಆ ದಿನಗಳಲ್ಲಿ ಆಚಾರಿಯ ಅಂಗಳದ ಕಡೆಗೆ ತಲೆಯೇ ಹಾಕಲಿಲ್ಲ. ಉಳಿದದ್ದು ಒಳಮೈ. ಗೂಡಿನ ಛಾವಣಿ, ಪಕ್ಕದ ಹಲಗೆಗಳು, ಕೂರುವ ಮಣೆಗಳು, ಮಣೆಯ ಕೆಳಗಿನ ಖಾನೆ. ಅಲ್ಲೇ ಅವನು ಬೆಳಗಿನಿಂದ ಸಂಜೆಯವರೆಗೆ ಕೂರಬೇಕು. ಆದ್ದರಿಂದ ಆ ಬಣ್ಣವನ್ನು ಅವನು ಮೂಗಿನಿಂದಲ್ಲ, ಎದೆಯಿಂದ ಆರಿಸಿದ.

ಅದು ಹೇಗೆಂದರೆ, ಆಚಾರಿಯ ಹತ್ತಿರ ಹಲಗೆಯ ತುಂಡುಗಳನ್ನು ತಂದು, ಒಂದೊಂದಕ್ಕೆ ಒಂದೊಂದು ಬಗೆ ಬಳಿಸಿದ. ಬಳಿದವಳು ನಾನು. ನಮ್ಮ ಕಡೆ ಪೊಂಗಲ್‌ಗೆ ಮನೆಗೆ ಸುಣ್ಣ ಬಳಿಯುವುದು, ಕಾವಿಯ ಪಟ್ಟೆ ಎಳೆಯುವುದು ಹೆಂಗಸರ ಕೆಲಸ. ನನ್ನ ಕೈ ಅದರಲ್ಲಿ ಪಳಗಿತ್ತು. ಒಂದಕ್ಕೆ ಬರೀ ಚಿಪ್ಪಿನ ಸುಣ್ಣ. ಒಂದಕ್ಕೆ ಗಂಜಿ ಬೆರೆಸಿದ ಸುಣ್ಣ. ಇನ್ನೊಂದಕ್ಕೆ ಹುಳಿಮೊಸರು ಕಡೆದು, ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಕಲಸಿದ ಸುಣ್ಣ. ಮತ್ತೊಂದು ತುಂಡಿಗೆ ಪಕ್ಕದ ಸೈಕಲ್ ಅಂಗಡಿಯಿಂದ ತಂದ ಎಣ್ಣೆಬಣ್ಣ. ಒಣಗಿದ ಮೇಲೆ ಅವುಗಳನ್ನು ಹಂಡೆಯ ನೀರಿನಲ್ಲಿ ಮುಳುಗಿಸಿ, ತೆಗೆದು, ಮತ್ತೆ ಬಿಸಿಲಿಗಿಟ್ಟೆವು. ಬರೀ ಸುಣ್ಣ ಕೈಗೆ ಬಂತು. ಗಂಜಿಯದು ಬಿರಿಯಿತು. ಮೊಸರಿನದು ಕಲ್ಲಿನ ಹಾಗೆ ನಿಂತಿತು. ಉಜ್ಜಿದರೂ ಅಂಗೈ ಬೆಳ್ಳಗಾಗಲಿಲ್ಲ. ಎಣ್ಣೆಬಣ್ಣದ್ದು ನಿಲ್ಲುವುದರಲ್ಲಿ ಆಶ್ಚರ್ಯವೇನಿದೆ, ಹೊಳೆಯುತ್ತಲೇ ಇತ್ತು.

ಆಮೇಲೆ ಉಳಿದ ಎರಡು ತುಂಡುಗಳನ್ನು ಅವನು ಒಂದೊಂದು ರಾತ್ರಿ ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದ. ಮೊಸರುಸುಣ್ಣದ ತುಂಡಿಟ್ಟ ಮರುದಿನ ಬೆಳಿಗ್ಗೆ ತಾನೇ ಎದ್ದು ಬಾವಿಯಿಂದ ನೀರು ಸೇದಿದ. ಎಣ್ಣೆಬಣ್ಣದ್ದಿಟ್ಟ ಮರುದಿನ ಗೋಡೆಗೆ ಒರಗಿ ಕೂತು, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದ. ಅತ್ತಿಗೆ ಬೆನ್ನು ನೀವುತ್ತ, "ಇದೇನು ಪರೀಕ್ಷೆ, ಎಲ್ಲಾರೂ ಕಣ್ಣಲ್ಲಿ ನೋಡಿ ಬಣ್ಣ ತಗೋತಾರೆ, ಇವರು ಪ್ರಾಣ ಕೊಟ್ಟು ನೋಡ್ತಾರೆ" ಎಂದು ಅತ್ತುಬಿಟ್ಟಳು.

"ಗೊತ್ತಾಯ್ತಲ್ಲ, ಪೋದುಂ, ಸಾಕು. ಮೊಸರುಸುಣ್ಣ ತಾನೆ ಅಮ್ಮಿಣಿ. ಮೂರು ಸಲ ತೆಳ್ಳಗೆ ಬಳಿ. ಒಂದು ಒಣಗಿದ ಮೇಲೆ ಇನ್ನೊಂದು" ಎಂದ ಅಣ್ಣ.

ಆಗಲಿ ಎಂದೆ. ಆಗ ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ತೋಳು ಹೊಲಿಯುವ ಕೆಲಸದಲ್ಲಿದ್ದೆ. ವಾರವೆಲ್ಲ ಅಲ್ಲಿನ ಹುಡುಗಿಯರ ಜೊತೆ ಒಂದು ಕೋಣೆಯಲ್ಲಿ ಇರುವುದು, ಶನಿವಾರ ಸಂಜೆ ಪಲ್ಲಡಂ ಮೇಲೆ ಬರುವ ಬಸ್ಸು ಹಿಡಿದು ಮನೆಗೆ. ಹೊಸ ಬಟ್ಟೆ, ಹೊಸ ಬಣ್ಣ, ಹೊಸ ಹಾಡು ಎಲ್ಲ ಮೊದಲು ಬರುತ್ತಿದ್ದದ್ದು ಆ ಕೋಣೆಗೆ. ಅಣ್ಣನ ದೋಣಿಯ ಸುದ್ದಿಯನ್ನು ನಾನು ಅಲ್ಲಿ ದೊಡ್ಡದು ಮಾಡಿ ಹೇಳಿಕೊಂಡಿದ್ದೆ. ಊಟಿಯಲ್ಲಿ ಇರುವಂಥದು ಎಂದಿದ್ದೆ. ಆಯುಧಪೂಜೆಯ ದಿನ ದೋಣಿಗೆ ಪೂಜೆ, ಮರುದಿನ ನೀರಿಗೆ. ಎಲ್ಲರೂ ಬನ್ನಿ, ನಿಮಗೇ ಮೊದಲ ಸುತ್ತು ಎಂದು ಕರೆದಿದ್ದೆ. ಒಬ್ಬಳು, ಬಾಯಿ ಬಹಳ ಜೋರು ಅವಳದು, "ಒಳಗೆ ಏನು ಬಣ್ಣ?" ಎಂದು ಕೇಳಿದಳು. ಸುಣ್ಣ ಎಂದೆ.

"ಸುಣ್ಣವಾ! ಕುರಿಕೊಟ್ಟಿಗೆಗೆ ಬಳಿದ ಹಾಗೆ? ಅಯ್ಯಯ್ಯೋ, ನನ್ನ ಹೊಸ ದಾವಣಿ ಬೆನ್ನೆಲ್ಲ ಬೆಳ್ಳಗಾದರೆ ನಿಮ್ಮಣ್ಣ ಒಗೆದು ಕೊಡ್ತಾರಾ?"

ಕೋಣೆಯೆಲ್ಲ ನಕ್ಕಿತು. ಮೊಸರುಸುಣ್ಣ ಬೆನ್ನಿಗೆ ಅಂಟುವುದಿಲ್ಲ ಎಂದು ನಾನೇ ಉಜ್ಜಿ ನೋಡಿದ್ದೆ. ಹಾಗೆಂದು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ನಮ್ಮ ಮನೆಯ ಗೋಡೆ, ಆ ಗೋಡೆಯ ಸುಣ್ಣ, ಅದರ ಮೇಲಿನ ಕಾವಿಯ ಪಟ್ಟೆ ಎಲ್ಲದರ ಮೇಲೂ ಆ ಕ್ಷಣದಲ್ಲಿ ನಾಚಿಕೆ ಬಂತು. ಕಂಪನಿಯ ಮುದಲಾಳಿಯ, ಅಂದರೆ ಯಜಮಾನರ, ಕೋಣೆಯ ಗೋಡೆ ತಿಳಿನೀಲಿಯಾಗಿ ಹೊಳೆಯುತ್ತಿತ್ತು. ಒಳಗೆ ಹೋದರೆ ನಮ್ಮ ನೆರಳು ಅದರಲ್ಲಿ ಕಾಣುತ್ತಿತ್ತು. ದೋಣಿಯ ಒಳಗೆ ಆ ನೀಲಿ ಇದ್ದರೆ ಎಂದು ಅಂದೇ ನನ್ನ ಮನಸ್ಸಿಗೆ ಬಂದದ್ದು.

ಆಯುಧಪೂಜೆಗೆ ಮೊದಲು ಕಂಪನಿಯಲ್ಲಿ ದೀಪಾವಳಿಯ ಸರಕಿನ ಒತ್ತಡ. ರಜೆ ಕೊಟ್ಟದ್ದು ತಡವಾಯಿತು. ಕೈಯಲ್ಲಿ ಇದ್ದದ್ದು ಎರಡು ದಿನ. ಅದರ ಮೇಲೆ ಐಪ್ಪಸಿ ತಿಂಗಳ ಹಿಂಗಾರು ಮಳೆಯ ಮೋಡ. ಮೂರು ಸಲ ಸುಣ್ಣ ಬಳಿದು ಒಣಗಿಸುವುದಕ್ಕೆ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು, ನೆಪವೂ ಹೌದು. ಪೂಜೆಯನ್ನು ಒಂದು ವಾರ ಮುಂದಕ್ಕೆ ಹಾಕೋಣ ಅಣ್ಣಾ ಎಂದಿದ್ದರೆ ಅವನು ಬೇಡ ಎನ್ನುತ್ತಿರಲಿಲ್ಲ. ಹುಡುಗಿಯರು ಬರುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಸುಣ್ಣ ತರುತ್ತೇನೆ ಎಂದು ಹೇಳಿ ಪೇಟೆಗೆ, ಉಕ್ಕಡಂಗೆ ಹೋದೆ. ಬಸ್ಸು ಇಳಿದು ಒಳಗೆ ಹೋದರೆ ಒಂದೇ ಬೀದಿಯಲ್ಲಿ ಸುಣ್ಣದ ಅಂಗಡಿ, ಅದರ ಎದುರಿಗೆ ಪೇಂಟಿನ ಅಂಗಡಿ. ಸುಣ್ಣದ ಅಂಗಡಿಯ ಮುಂದೆ ಚಿಪ್ಪಿನ ಸುಣ್ಣ ಗುಡ್ಡೆ ಹಾಕಿತ್ತು. ನಾನು ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದೆ. ಅಂಗಡಿಯವರು ಬಣ್ಣದ ಕಾರ್ಡು ಬಿಡಿಸಿಟ್ಟು, ಯಾವುದಕ್ಕೆ ಬೇಕು ಎಂದು ತಮಿಳಿನಲ್ಲಿ ಕೇಳಿದರು. ಪಡಗಿಗೆ ಎಂದೆ. ಪಡಗು ಎಂದರೆ ದೋಣಿ.

"ಕೋಯಮುತ್ತೂರಿಗೆ ಸಮುದ್ರ ಯಾವಾಗ ಬಂತು ಅಮ್ಮಿಣಿ? ನಮಗೆ ಯಾರೂ ಹೇಳಲೇ ಇಲ್ಲವಲ್ಲ!"

"ಕೆರೆಯಲ್ಲಿ ಓಡಿಸೋದು. ಒಳಗಡೆಗೆ ಬೇಕು."

"ಒಳಗಡೆ ಅಂದರೆ ತೆರೆದದ್ದಾ, ಮುಚ್ಚಿದ್ದಾ?"

"ಗೂಡು ಇದೆ."

ಅವರು ನಗು ಬಿಟ್ಟು ವಿವರವಾಗಿ ಹೇಳಿದರು. ಮುಚ್ಚಿದ ಜಾಗಕ್ಕೆ ಈ ಎಣ್ಣೆಬಣ್ಣ ಬಳಿಯುವುದಾದರೆ ತೆಳ್ಳಗೆ ಬಳಿ. ಮೊದಲನೆಯದು ಪೂರ್ತಿ ಒಣಗದೆ ಎರಡನೆಯದು ಬೇಡ. ಮಳೆ ಕಾಲ, ನಡುವೆ ಎರಡು ದಿನವಾದರೂ ಬಿಡು. ಚಾಪೆ ಗೀಪೆ ಕಟ್ಟಿ ಮುಚ್ಚಬೇಡ, ಗಾಳಿ ಆಡಿದರೆ ವಾಸನೆ ತಾನಾಗಿ ಹೋಗುತ್ತದೆ. ತಲೆಯಾಡಿಸಿದೆ. ಕಾರ್ಡಿನ ಮೇಲೆ ಆ ತಿಳಿನೀಲಿಯನ್ನು ಬೆರಳಿಟ್ಟು ತೋರಿಸಿದೆ. ಡಬ್ಬಿ ಹಿಡಿದುಕೊಂಡು ಹೊರಗೆ ಬಂದಾಗ ಎದುರಿನ ಸುಣ್ಣದ ಅಂಗಡಿಯ ಹೆಂಗಸು, ಬಾ ಎಂದು ಕೈ ಬೀಸಿ ಕರೆದಳು. ನಾನು ಕಾಣದವಳ ಹಾಗೆ ಬಂದೆ.

ಆಚಾರಿಯ ಅಂಗಳದಲ್ಲಿ ಬಳಿದೆ. ಗೂಡಿನೊಳಗೆ ಮೊಣಕಾಲೂರಿ ಕೂತು, ಮೊದಲು ಛಾವಣಿ, ಆಮೇಲೆ ಪಕ್ಕ, ಆಮೇಲೆ ಮಣೆಗಳು. ಸುಣ್ಣದ ಕುಂಚ ಹಿಡಿದು ಅಭ್ಯಾಸವಾದ ಕೈ; ಸುಣ್ಣವಾದರೆ ಅದ್ದಿ ಅದ್ದಿ ಧಾರಾಳವಾಗಿ ಎಳೆಯಬೇಕು, ನೀರು ಇಂಗಿ ಹೋಗುತ್ತದೆ. ಎಣ್ಣೆಬಣ್ಣವನ್ನೂ ನಾನು ಹಾಗೆಯೇ ಎಳೆದೆ. ದಪ್ಪವಾದಷ್ಟೂ ಹೊಳಪು ಹೆಚ್ಚಾಗುತ್ತಿತ್ತು, ಸಂತೋಷವಾಯಿತು. ಹಲಗೆಯ ಸಂದಿಗಳಲ್ಲಿ ಬಣ್ಣ ತುಂಬಿ ನಿಂತಿತು. ಅಂದು ಸಂಜೆ ಮಳೆ ಹನಿಯಿತು. ದೋಣಿಯ ಮೇಲೆ ತಾಡಪಾಲು ಹೊದಿಸಿದರು. ಮರುದಿನ ಎರಡನೆಯ ಸಲ ಬಳಿಯಲು ಕೂತಾಗ ಆಚಾರಿ ಬಂದು ಹಲಗೆಗೆ ಬೆರಳಿಟ್ಟು ತೋರಿಸಿದ. ಬೆರಳು ಅಂಟಿಕೊಂಡಿತು.

"ಇದು ಇನ್ನೂ ಹಸಿ. ಇದರ ಮೇಲೆ ಬಳಿದರೆ ಒಳಗೆ ಸಿಕ್ಕಿಕೊಳ್ಳುತ್ತೆ, ಒಣಗೋದೇ ಇಲ್ಲ" ಎಂದ.

"ನಾಳೆ ಪೂಜೆ ಆಚಾರಿಯಣ್ಣಾ. ಮೇಲೆ ಒಣಗಿದರೆ ಸಾಕು" ಎಂದೆ.

ಅವನು ಬೆರಳನ್ನು ಪಂಚೆಗೆ ಒರೆಸಿಕೊಂಡು ಹೋದ.

ಪೂಜೆಯ ದಿನ ದೋಣಿಯನ್ನು ಏರಿಯ ಹತ್ತಿರಕ್ಕೆ ಗಾಡಿಯ ಮೇಲೆ ತಂದಿದ್ದರು. ಬಾಳೆಕಂದು ಕಟ್ಟಿ, ಹುಟ್ಟುಗಳಿಗೆ ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಮಂಡಕ್ಕಿ ಕಡಲೆ ಹಂಚಿದೆವು. ಅಣ್ಣ ಗೂಡಿನೊಳಗೆ ಬಗ್ಗಿ ನೋಡಿದ. ಹೊಳೆಯುವ ನೀಲಿ. ಅವನ ಕಣ್ಣು ಸರಿಯಾಗಿಯೇ ಇತ್ತಲ್ಲ.

"ಏನಮ್ಮಿಣಿ, ಸುಣ್ಣ ಅಂದಿದ್ದೆ?"

"ಸುಣ್ಣ ನೀರ ಮೇಲೆ ನಿಲ್ಲಲ್ಲ ಅಂತ ಆಚಾರಿ ಹೇಳಿದ್ರು ಅಣ್ಣಾ. ಇದು ಬೇರೆ ತರದ್ದು. ವಾಸನೆ ಇಲ್ಲದ್ದು. ಹೊಸದಾಗಿ ಬಂದಿದೆ."

"ಒಂದು ತುಂಡಿಗೆ ಬಳಿದು ತಂದಿದ್ರೆ ಪಕ್ಕದಲ್ಲಿಟ್ಟು ಮಲಗಿ ನೋಡ್ತಿದ್ದೆ."

"ಟೈಮು ಎಲ್ಲಿತ್ತು?"

ಅವನು ನನ್ನ ಮುಖ ನೋಡಿದ. ಅನುಮಾನದಿಂದ ನೋಡಿದ್ದಲ್ಲ. "ವಾಸನೆ ಇದೆ ಅಂದ್ರೂ ಇಲ್ಲ ಅಂದ್ರೂ ನಂಗೆ ಗೊತ್ತಾಗಲ್ಲ. ನಿನ್ನ ಮೂಗೇ ನನ್ನ ಮೂಗು. ನೀನು ಇಲ್ಲ ಅಂದ್ರೆ ಇಲ್ಲ" ಎಂದ. ಆಮೇಲೆ ಛಾವಣಿಯ ಮೇಲೆ ಅಂಗೈ ಆಡಿಸಿ, "ಚೆಂದ ಇದೆ. ಆಕಾಶದೊಳಗೆ ಕೂತಂಗೆ" ಎಂದು ನಕ್ಕ. ಅತ್ತಿಗೆಗೆ ನೀರೆಂದರೆ ಭಯ, ದೂರದಲ್ಲೇ ನಿಂತು, "ಏನೋ ಪೇಂಟು ಘಾಟು ಬರ್ತದಲ್ಲ?" ಎಂದಳು. ಹೊರಗಿನ ಟಾರು, ಬಿಸಿಲಿಗೆ ಬರುತ್ತೆ ಎಂದೆ. ಮರುದಿನ ಕಂಪನಿಯ ಹುಡುಗಿಯರು ಬಂದರು, ಕೂತರು, ಕೂಗಾಡಿದರು. ಬಾಯಿ ಜೋರಿನವಳು ಗೂಡಿನ ಹಲಗೆಯಲ್ಲಿ ತನ್ನ ನೆರಳು ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. ನಾನು ಬಯಸಿದ್ದು ಅದೇ. ಬಯಸಿದ್ದು ಸಿಕ್ಕಿತು.

ಮೊದಮೊದಲು ಅಣ್ಣನಿಗೆ ಏನೂ ಆಗಲಿಲ್ಲ, ಅಥವಾ ಆದದ್ದನ್ನು ಅವನು ಹೇಳಲಿಲ್ಲ. ಭಾನುವಾರಗಳಲ್ಲಿ ಜನ ಬರುತ್ತಿದ್ದರು. ಮಿಲ್ಲಿನ ಹಳೆಯ ಜೊತೆಗಾರರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು, "ಕ್ಯಾಪ್ಟನ್, ಸಿಂಗಪೂರಿಗೆ ಬಿಡು" ಎನ್ನುತ್ತಿದ್ದರು. ಕಾರ್ತಿಕ ಕಳೆದು ಇಬ್ಬನಿ ಶುರುವಾದಾಗ ಅಣ್ಣ ಗೂಡಿನ ಮೂರೂ ಕಡೆ ಚಾಪೆ ಇಳಿಬಿಟ್ಟ. ಅಲ್ಲಿಂದ ಅವನ ಆರೋಗ್ಯ ಇಳಿದುಹೋಯಿತು. ಶನಿವಾರ ನಾನು ಮನೆಗೆ ಬರುವ ಹೊತ್ತಿಗೆ ಗೋಡೆಗೆ ಒರಗಿ ಭುಜ ಎತ್ತಿ ಎತ್ತಿ ಕೂತಿರುತ್ತಿದ್ದ. ಮಾತು ಮಧ್ಯದಲ್ಲಿ ಕಡಿದುಹೋಗುತ್ತಿತ್ತು. ಅವನಿಗೇ ಅದು ಬಿಡಿಸಲಾಗದ ಗಂಟಾಯಿತು. "ಮನೇಲಿದ್ದ ದಿನ ಪರವಾಗಿಲ್ಲ. ಕೆರೆಗೆ ಹೋದ ದಿನಾನೇ ಜಾಸ್ತಿ. ಉಲ್ಟಾ ಆಗ್ಬಿಡ್ತಲ್ಲ ಎಲ್ಲ?" ಎನ್ನುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಕೆರೆಗೆ ಹೋದ. ದೋಣಿಯನ್ನು ಗೂಟಕ್ಕೆ ಕಟ್ಟಿತ್ತು, ಚಾಪೆಗಳು ಇಳಿಬಿಟ್ಟಿದ್ದವು. ಅವನು ಏರಿಯ ಮೇಲೆ ಕೂತ.

"ಒಳಗೆ ಹೋಗಿ ಕೂತು ಸರಿಯಾಗಿ ಮೂಸಿ ನೋಡು ಅಮ್ಮಿಣಿ. ಪೇಂಟಿಂದೇನಾದ್ರೂ ಇದೆಯಾ ಅಂತ. ಇದ್ರೆ ಪೂರ್ತಿ ಕೆರೆದು ತೆಗೆದ್ಬಿಡೋಣ, ಮೊದ್ಲು ಅಂದ್ಕೊಂಡಂಗೆ ಸುಣ್ಣ ಬಳಿಯೋಣ. ಸುಮ್ಮಾ ಹೇಳು, ನಂಗೇನೂ ಬೇಜಾರಿಲ್ಲ."

ಚಾಪೆ ಎತ್ತಿ ಒಳಗೆ ಹೋದೆ. ಹೊತ್ತೇರಿ ಗೂಡಿನ ಮೇಲೆ ಬಿಸಿಲು ಬಿದ್ದಿತ್ತು. ನನ್ನ ಕಣ್ಣಿನಲ್ಲಿ ನೀರು ಬಂತು, ಅಷ್ಟು ಘಾಟು. ಬಳಿದ ದಿನ ಹೇಗಿತ್ತೋ ಹಾಗೆಯೇ ಇತ್ತು. ಮಣೆಯ ಕೆಳಗೆ, ಸಂದಿಯಲ್ಲಿ ಬಣ್ಣ ತುಂಬಿದ್ದ ಕಡೆ, ಉಗುರು ಒತ್ತಿದೆ. ಮೇಲಿನ ಪೊರೆ ಹಾಲಿನ ಕೆನೆಯ ಹಾಗೆ ಸರಿಯಿತು. ಅದರ ಕೆಳಗೆ ಹಸಿ ನೀಲಿ, ಉಗುರಿಗೆ ಅಂಟಿಕೊಂಡು ಬಂತು. ಆ ಪೊರೆಯ ಕೆಳಗೆ ಎಲ್ಲ ಕಡೆಯೂ ಅದು ಹಾಗೆಯೇ ಇರಬೇಕು. ದಿನಾ ಬಿಸಿಲು ಏರಿದಂತೆ ಘಾಟು ಬಿಡುತ್ತ, ಚಾಪೆ ಕಟ್ಟಿದ ಆ ಗೂಡಿನಲ್ಲಿ. ಅದರೊಳಗೆ ನನ್ನ ಅಣ್ಣ.

ಆ ಉಗುರನ್ನು ಅವನಿಗೆ ತೋರಿಸಿದ್ದರೆ ಸಾಕಿತ್ತು. ಕೇಳುವುದಕ್ಕೂ ಮೊದಲೇ ಅವನು ಮನ್ನಿಸಿಬಿಟ್ಟಿದ್ದ. ಏನು ಮಾಡಬೇಕೆಂದೂ ಅವನೇ ಹೇಳಿದ್ದ. ಆದರೂ ಹಾಗೆ ತೋರಿಸಿದರೆ ಆಚಾರಿ ಹೇಳಿದರು ಎಂದದ್ದು ಸುಳ್ಳು, ವಾಸನೆ ಇಲ್ಲದ್ದು ಎಂದದ್ದು ಸುಳ್ಳು, ಟಾರು ಎಂದದ್ದು ಸುಳ್ಳು ಎಂದು ಒಂದರ ಹಿಂದೆ ಒಂದು ಹೊರಗೆ ಬರುತ್ತಿದ್ದವು. ಅವನ ನಂಬಿಕೆಯ ಮುಂದೆ ಅಷ್ಟನ್ನೂ ಸುರಿಯಲು ನನಗೆ ಧೈರ್ಯ ಬರಲಿಲ್ಲ. ಉಗುರನ್ನು ಲಂಗದ ಒಳಮಡಿಕೆಗೆ ಒರೆಸಿಕೊಂಡು ಹೊರಗೆ ಬಂದೆ.

"ಪೇಂಟಿಂದು ಏನೂ ಇಲ್ಲ ಅಣ್ಣಾ. ಕೆರೆ ನಾರ್ತಾ ಇದೆ. ಊರಿನ ಚರಂಡಿ ನೀರು ಬರ್ತದಲ್ಲ, ಅದು. ನಿಂಗೆ ಗೊತ್ತಾಗಲ್ಲ."

ಅವನು ಕೆರೆಯ ಕಡೆಗೆ ತಿರುಗಿದ. ನೀರಕ್ಕಿಗಳು ಈಜುತ್ತಿದ್ದವು.

"ಅಷ್ಟು ನಾರುತ್ತಾ?"

"ಹೌದು."

"ಮೊದ್ಲು ಇಲ್ಲೇ ತಾನೆ ನಂಗೆ ಮೂಚ್ಚು ಬಂದಿದ್ದು" ಎಂದ. ಯಾರೋ ಹತ್ತಿರದವರು ಕೈಬಿಟ್ಟ ಹಾಗೆ ಇತ್ತು ಅವನ ದನಿ. ಅದಾದ ಮೇಲೆ ಅವನು ಕೆರೆಗೆ ಹೋಗಲಿಲ್ಲ.

ದೋಣಿಯನ್ನು ಮೀನಿನ ಗುತ್ತಿಗೆಯವರಿಗೆ ಬಿಟ್ಟುಕೊಟ್ಟ. ಅವರು ಮೊದಲ ವಾರದಲ್ಲೇ ಗೂಡು ಕಿತ್ತು ಏರಿಯ ಮೇಲೆ ಬಿಸಾಕಿದರು, ಮೀನಿನ ಬುಟ್ಟಿ ಇಡಲು ಅಡ್ಡ ಎಂದು. ಸಿಂಗಾನಲ್ಲೂರಿನ ಬಾಡಿಗೆ ಮನೆ ಬಿಟ್ಟು ಅಣ್ಣ ಅತ್ತಿಗೆ ಪಲ್ಲಡಂ ಹತ್ತಿರದ ಅತ್ತಿಗೆಯ ಊರಿಗೆ ಹೋದರು. ಆ ಊರಿನಲ್ಲಿ ಇದ್ದ ಕೆಲಸ ಪವರ್‌ಲೂಮಿನದೊಂದೇ. ಅತ್ತಿಗೆಯ ಚಿಕ್ಕಪ್ಪನ ಶೆಡ್ಡಿನಲ್ಲಿ ಅಣ್ಣ ಮಗ್ಗಗಳ ಮುಂದೆ ನಿಂತ. ಮತ್ತೆ ಹತ್ತಿ. ಮತ್ತೆ ಹುಬ್ಬು ರೆಪ್ಪೆ ಬೆಳ್ಳಗೆ. ನಾನು ತಿರುಪ್ಪೂರಿನಿಂದ ಹೋದಾಗ ಅವನು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತು, ಮಗ್ಗದ ಸದ್ದಿಗೆ ಮಾತು ಕೇಳಿಸದೆ, ಕೈಯಲ್ಲೇ ಊಟವಾಯಿತೇ ಎಂದು ಕೇಳುತ್ತಿದ್ದ.

ಕೊನೆಯ ಸಲ ನೋಡಿದಾಗ ಅವನು ಮಲಗಲಾರದೆ, ಮಡಿಲಲ್ಲಿ ದಿಂಬು ಇಟ್ಟುಕೊಂಡು ಅದರ ಮೇಲೆ ಕೈಯೂರಿ ಕೂತಿದ್ದ. ಅತ್ತಿಗೆ ಒಳಗೆ ಗಂಜಿ ಬಸಿಯುತ್ತಿದ್ದಳು. ಇಬ್ಬರೇ ಇದ್ದೆವು.

"ಆ ಕಡೆ ಹೋಗಿದ್ಯಾ ಅಮ್ಮಿಣಿ? ಕೆರೆ ಈಗ ಹೇಗಿದೆ? ಇನ್ನೂ ನಾರುತ್ತಾ?"

ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ ಅವನ ಎದೆ ಸರಿಯಾಗುತ್ತಿರಲಿಲ್ಲ. ಆದರೆ ಆ ನೀರಾದರೂ ಅವನಿಗೆ ತಿರುಗಿ ಸಿಗುತ್ತಿತ್ತು, ಅದು ತನಗೆ ಕೆಟ್ಟದ್ದು ಮಾಡಲಿಲ್ಲ ಎಂದು.

"ಹೌದು ಅಣ್ಣಾ" ಎಂದೆ.

"ಪಾಪ" ಎಂದ, ಕೆರೆಯನ್ನು ಕುರಿತು.

ಆ ಬೇಸಗೆ ಅವನು ದಾಟಲಿಲ್ಲ.

ಆಮೇಲೆ ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು. ಅತ್ತಿಗೆ ತನ್ನ ಊರಿನಲ್ಲೇ ಉಳಿದಳು, ಅದೇ ಚಿಕ್ಕಪ್ಪನ ಮಗ್ಗಗಳಿಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತ. ಮಗಳನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಮಗು ಮಲಗಿತ್ತು. ಅತ್ತಿಗೆ ರಾಟೆಯ ಮುಂದೆ ಕೂತು, ಒಂದು ಕೈಯಲ್ಲಿ ತಿರುಗಿಸುತ್ತ, ಒಂದು ಕೈಯಲ್ಲಿ ನೂಲು ಬಿಡುತ್ತ, "ಅವರು ಇದ್ದಿದ್ರೆ ಮಗೂನ ಇಳಿಸ್ತಾನೇ ಇರ್ಲಿಲ್ಲ" ಎಂದಳು. ಆ ಮಾತಿಗೆ ನನ್ನ ಬಾಯಿ ಬಿಟ್ಟುಹೋಯಿತು. ಸುಣ್ಣದ ಅಂಗಡಿಯಿಂದ ಉಗುರಿನವರೆಗೆ, ಆಚಾರಿಯ ಮೇಲೆ ಹಾಕಿದ್ದು, ಕೆರೆಯ ಮೇಲೆ ಹಾಕಿದ್ದು, ಎಲ್ಲ ಹೇಳಿದೆ. ಎಷ್ಟೋ ಹೊತ್ತಿನ ಮೇಲೆ ರಾಟೆ ನಿಂತಿದೆ ಎಂದು ಗೊತ್ತಾಯಿತು.

"ಆ ಕೆರೇನ ನಾನು ಎಷ್ಟು ಬೈದಿದೀನಿ ಗೊತ್ತಾ" ಎಂದಳು ಅತ್ತಿಗೆ. "ಆ ಕಡೆ ಬಸ್ಸಲ್ಲಿ ಹೋಗ್ಬೇಕಾದ್ರೆ ಮುಖ ತಿರುಗಿಸ್ಕೊಂಡು ಕೂರ್ತಿದ್ದೆ. ದಿನಾ ಎದ್ದು ಅದನ್ನ ಬೈದು, ಆಮೇಲೆ ಒಲೆ ಹಚ್ಚೋದು. ಅಷ್ಟಾದ್ರೂ ಇತ್ತು ನಂಗೆ. ಈಗ ಬಂದು ಹಿಂಗೆ ಹೇಳ್ತೀಯಲ್ಲ, ಇನ್ನು ಯಾರನ್ನ ಬೈಯ್ಲಿ ನಾನು?"

"ನನ್ನನ್ನ ಬೈ ಅತ್ತಿಗೆ. ಹೊಡಿ."

ಅವಳು ನನ್ನನ್ನು ನೋಡಲಿಲ್ಲ. ಕಡಿದುಹೋಗಿದ್ದ ನೂಲಿನ ತುದಿ ಹುಡುಕುತ್ತಿದ್ದಳು.

"ನಿನ್ನನ್ನ ಹೇಗೆ ಬೈಯ್ಲಿ?" ಎಂದಳು. "ನೀನು ಅವರು ಸಾಕಿದ ಮಗು."

ತುದಿ ಸಿಕ್ಕಿತು. ಗಂಟು ಹಾಕಿ ರಾಟೆ ತಿರುಗಿಸತೊಡಗಿದಳು. ಊಟ ಮಾಡಿಕೊಂಡು ಹೋಗು ಎಂದು ಅವಳು ನನಗೆ ಹೇಳದಿದ್ದದ್ದು ಅದೇ ಮೊದಲು. ಮಗಳನ್ನು ಎತ್ತಿಕೊಂಡು ಬಾಗಿಲ ಮುಂದಿನ ತಿಣ್ಣೆಯ ಮೇಲೆ ಬಂದು ಕೂತೆ. ಸಂಜೆಯ ಬಸ್ಸು ಬರುವವರೆಗೂ ಅಲ್ಲೇ ಇದ್ದೆ. ಒಳಗೆ ರಾಟೆ ತಿರುಗುತ್ತಲೇ ಇತ್ತು. ಅವಳು ಹೊರಗೆ ಬರಲಿಲ್ಲ.